ಊರವರ ವ್ಯಾನಿಟಿ ಬ್ಯಾಗು

ನಮ್ಮ ಅತ್ತೆ ಮನುಷ್ಯರ ಮುಖ ನೋಡುವುದಿಲ್ಲ. ಕಂಕುಳು ನೋಡುತ್ತಾಳೆ!

ಗಾಬರಿಯಾಗಬೇಡಿ. ಹೆಂಗಸರ ಕಂಕುಳಷ್ಟೇ, ಅದೂ ಐವತ್ತು ದಾಟಿದವರದು. ಅಲ್ಲಿ ಹಳೆಯ ಚರ್ಮದ ವ್ಯಾನಿಟಿ ಬ್ಯಾಗೊಂದು ನೇತಾಡುತ್ತಿದ್ದರೆ ಮುಗಿಯಿತು. ಆ ಹೆಂಗಸು ಯಾರು, ಯಾವ ಊರು, ಹೆಸರೇನು ಎಂಬುದೆಲ್ಲ ಆಮೇಲಿನ ಮಾತು. ಒಮ್ಮೆ ಬಸ್ಸಿನಲ್ಲಿ ನನ್ನ ಹೈಸ್ಕೂಲಿನ ಗಣಿತದ ಟೀಚರ್ ಸಿಕ್ಕಿದ್ದರು. ಅತ್ತೆ ಅವರ ಪಕ್ಕದಲ್ಲೇ ಕೂತು ಅರ್ಧ ಗಂಟೆ ಹರಟಿದ್ದಳು. ಇಳಿದ ಮೇಲೆ, "ಅತ್ತಿ, ಅವ್ರು ಹೆಂಗಿದ್ರು ನೋಡಿದ್ಯಾ? ಬಾಳ ಸೊರಗ್ಯಾರಲ್ಲ?" ಎಂದೆ. "ಆಕಿನ್ನ ಯಾರ್ ನೋಡ್ಯಾರ? ಬ್ಯಾಗಿನ ಕೊಂಡಿ ಗಟ್ಟಿ ಹಿತ್ತಾಳಿದು ನೋಡವಾ!" ಎಂದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡನ ತಾಯಿಯಲ್ಲ. ನನಗಿನ್ನೂ ಮದುವೆಯಾಗಿಲ್ಲ, ಆ ವಿಷಯವನ್ನು ಇಲ್ಲಿ ಬರೆಯುವುದೂ ಇಲ್ಲ. ನಾನು ಶಿಗ್ಗಾಂವಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಎಲ್ಲಿರಬೇಕೋ ಅಲ್ಲಿರಬೇಕು, ಮಾತು ಎಷ್ಟು ಬೇಕೋ ಅಷ್ಟಿರಬೇಕು ಎಂದು ನಂಬಿದವಳು. ಅಂಥ ನನಗೆ ದೇವರು ಹಾನಗಲ್ಲಿನಲ್ಲಿ ಇಂಥ ಅತ್ತೆಯನ್ನು ಇಟ್ಟಿದ್ದಾನೆ. ತಿಂಗಳಿಗೆ ಎರಡು ಭಾನುವಾರ ಆಕೆಯ ಮನೆಗೆ ಹೋಗುತ್ತೇನೆ. ಹೋದಾಗಲೆಲ್ಲ ಎದೆ ಧಸಕ್ಕೆನ್ನುವಂಥದ್ದು ಏನಾದರೊಂದು ಬಾಗಿಲಲ್ಲೇ ಕಾದಿರುತ್ತದೆ.

ಈ ವರ್ಷ ಕಾದಿದ್ದು ಹಿರೇಕೆರೂರಿನ ಒಂದು ಬ್ಯಾಗು. ಅದಕ್ಕಾಗಿ ಅಲ್ಲೊಬ್ಬ ವೃದ್ಧೆ ದಿನಾ ಬೆಳಿಗ್ಗೆ ಅನ್ನ ಬಿಟ್ಟು ಕೂರುತ್ತಿದ್ದರು. ನಾನು ಹೇಳಹೊರಟಿರುವುದು ಆ ಬ್ಯಾಗಿನ ವಿಷಯವನ್ನೇ. ಆದರೆ ನಮ್ಮ ಅತ್ತೆಯ ಕೈಗೆ ಬ್ಯಾಗು ಕೊಡುವುದೆಂದರೆ ಎಂಥ ಎದೆಗಾರಿಕೆಯ ಕೆಲಸ ಎಂಬುದು ನಿಮಗೆ ಮೊದಲು ತಿಳಿಯಬೇಕಲ್ಲವೇ?

ಇದೆಲ್ಲ ಶುರುವಾದದ್ದು ತಿಪ್ಪೆಯಿಂದ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಮನೆ ಖಾಲಿ ಮಾಡುವಾಗ ಎಸೆದಿದ್ದ ಚರ್ಮದ ಬ್ಯಾಗನ್ನು ಅತ್ತೆ ತಿಪ್ಪೆಯಿಂದ ಎತ್ತಿ ತಂದಳು. ನಮ್ಮದು ಲಿಂಗ ಕಟ್ಟಿದ ಮನೆತನ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಕಾಲು ತೊಳೆದು ಒಳಗೆ ಬರುವವರು. ಅಂಥ ಮನೆಯ ಪಡಸಾಲೆಯಲ್ಲಿ, ದೇವರ ಜಗಲಿಯಿಂದ ನಾಲ್ಕು ಮಾರು ದೂರದಲ್ಲಿ, ಚರ್ಮ!

"ಯಾವುದರದ ಅದು? ಆಕಳದೋ, ಎಮ್ಮಿದೋ?" ಎಂದು ಅತ್ತೆಯ ಗಂಡ, ನಮ್ಮ ಮಾಮ, ಬಾಗಿಲಲ್ಲೇ ನಿಂತು ಕೇಳಿದರು.

"ನಿಮಗ ಯಾವುದರದು ಆದ್ರ ಸಮಾಧಾನ ಆಕ್ಕೈತಿ?"

ಮಾಮ ಸ್ವಲ್ಪ ಯೋಚಿಸಿ, "ಎಮ್ಮಿದು," ಎಂದರು.

"ಹಂಗಾರ ಎಮ್ಮಿದ."

ಅಂದಿನಿಂದ ಆ ಮನೆಗೆ ಬಂದ ಬ್ಯಾಗೆಲ್ಲ ಎಮ್ಮೆಯದೇ.

ಊರವರ ಹಳೆಯ ಬ್ಯಾಗು ಹೊಸದು ಮಾಡಿ ಮರಳಿ ಕೊಡುವ ಹುಚ್ಚು ಹತ್ತಿದ್ದೂ ಅಂದಿನಿಂದಲೇ. ಆ ಕೆಲಸ ಕಲಿಯಲು ಆಕೆ ಹೋದದ್ದು ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರ ಬಳಿಗೆ. ಹೋಗಿ ಕೇಳಿಕೊಂಡು ಬಂದಳೆಂದು ತಿಳಿಯಬೇಡಿ. ಅವರ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ತಿಂಗಳು ಕೂತಳು! ಎರಡು ಸೂಜಿಗಳನ್ನು ಒಂದೇ ತೂತಿನಲ್ಲಿ ಎದುರುಬದುರು ಹಾಯಿಸಿ ಹೊಲಿಯುವುದನ್ನು, ದಾರಕ್ಕೆ ಜೇನುಮೇಣ ಸವರುವುದನ್ನು ಕಲಿತಳು. ಅವರನ್ನು "ಗುರುಗಳ" ಎಂದೇ ಕರೆಯುತ್ತಾಳೆ. ಸುದ್ದಿ ಕೇಳಿ ನಮ್ಮ ದೊಡ್ಡಮ್ಮ ಒಂದು ವಾರ ಆಕೆಯ ಫೋನ್ ಎತ್ತಲಿಲ್ಲ. "ಗೌಡರ ಮನಿ ಮಗಳು, ಬಸ್‌ಸ್ಟ್ಯಾಂಡಿನ್ಯಾಗ, ನೆಲದ ಮ್ಯಾಲ!" ಎಂದು ಎಲ್ಲರ ಮುಂದೆ ಕಣ್ಣೊರೆಸಿಕೊಂಡರು. ಅತ್ತೆ ಅದಕ್ಕೆ ಕೊಟ್ಟ ಉತ್ತರ ಒಂದೇ: "ಆಕಿಗೆ ಹೇಳ್ರಿ, ಆಕಿ ಚಪ್ಪಲಿ ಉಂಗುಷ್ಟ ಹರಿದೈತಿ, ಕಳಸು ಅಂತ." ದೊಡ್ಡಮ್ಮ ಎಂಟನೆಯ ದಿನ ಕಳಿಸಿದರು.

ನನಗೂ ಆಘಾತವಾಗಿತ್ತು. ಆದರೆ ನನ್ನ ಕಾರಣ ಅಷ್ಟು ಘನವಾದದ್ದಲ್ಲ. ನಾನು ಬಸ್ಸಿಳಿಯುತ್ತಿದ್ದಂತೆ ಗೋಣಿತಟ್ಟಿನ ಮೇಲಿನಿಂದ ಆಕೆ ನನ್ನ ಮನೆಯ ಅಡ್ಡಹೆಸರು ಹಿಡಿದು ಕೂಗಿದ್ದಳು. ಹಿಂದೆ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳಿದ್ದರು. ಆ ಅಡ್ಡಹೆಸರು ಯಾವುದು ಎಂದು ಕೇಳಬೇಡಿ.

ಬಣ್ಣದ ಕಥೆ ಬೇರೆ. ಹಳೆಯ ಬ್ಯಾಗಿಗೆ ಮೊದಲಿನ ಕಂದು ಬಣ್ಣ ಬರಿಸಲು ಅತ್ತೆ ಕಂಡುಹಿಡಿದದ್ದು ಎಲೆ ಅಡಿಕೆಗೆ ಹಾಕುವ ಕಾಚನ್ನು. ಕುದಿಸಿ, ಸೋಸಿ, ಬಟ್ಟೆಯಲ್ಲಿ ಅದ್ದಿ ಸವರಿದರೆ ಚರ್ಮ ನಿಜವಾಗಿಯೂ ಹಸಿದವರಂತೆ ಕುಡಿಯುತ್ತದೆ. ನಾನು ಪುಸ್ತಕ ತೆಗೆದು ನೋಡಿದೆ. ಚರ್ಮ ಹದ ಮಾಡುವವರು ಹಿಂದಿನಿಂದಲೂ ಕಾಚು ಬಳಸುತ್ತಿದ್ದರಂತೆ. ಅತ್ತೆ ಪುಸ್ತಕ ನೋಡಿರಲಿಲ್ಲ, ಮಾಮನ ಬಿಳಿ ಅಂಗಿಯ ಮೇಲಿನ ಕಲೆ ನೋಡಿದ್ದಳು. "ನಾಕು ವರ್ಷ ತೊಳದ್ರೂ ಹೋಗಿಲ್ಲ ಅಂದ್ರ ಬ್ಯಾಗಿನ ಮ್ಯಾಲ ಯಾಕ ನಿಲ್ಲಾಂಗಿಲ್ಲ?" ಎಂಬುದು ಆಕೆಯ ಸಂಶೋಧನೆ.

ಸವಣೂರಿನ ಎಲೆ ಅಂಗಡಿಯವನ ಮುಂದೆ ನಿಂತು ಅರ್ಧ ಕಿಲೋ ಕಾಚು ಕೇಳಿದಾಗ ನಾನೂ ಪಕ್ಕದಲ್ಲಿದ್ದೆ. ಅವನು ಆಕೆಯ ಬಾಯಿ ನೋಡಿದ. ಆಮೇಲೆ ನನ್ನ ಬಾಯಿ ನೋಡಿದ.

"ಅಕ್ಕಾರ, ಇಷ್ಟು ಕಾಚು ಯಾರ್ ತಿಂತಾರ್ರಿ?"

"ನಮ್ಮನ್ಯಾಗ ಏಳೆಂಟು ಎಮ್ಮಿ ಅದಾವ, ಅವು ತಿಂತಾವು."

"ಎಮ್ಮಿ ಎಲಿ ಹಾಕ್ಕೊಂತಾವ್ರಿ?"

"ಎಲಿ ಒಲ್ಲೆ ಅಂತಾವು. ಬರೇ ಕಾಚು."

ಅವನು ತೂಗಿ ಕೊಟ್ಟ. ನಾವು ತಿರುವು ದಾಟುವವರೆಗೂ ತಕ್ಕಡಿ ಕೆಳಗಿಡಲಿಲ್ಲ.

ತಿಳವಳ್ಳಿಯ ಮದುವೆಯೊಂದರಲ್ಲಿ ಅತ್ತೆ ಮಾಡಿದ್ದನ್ನು ಹೇಳದೆ ಮುಂದೆ ಹೋಗಲಾರೆ. ಊಟದ ಪಂಗ್ತಿ ಏಳುತ್ತಿದ್ದಂತೆ ಅಪರಿಚಿತ ಹೆಂಗಸೊಬ್ಬರನ್ನು ಮೂಲೆಗೆ ಕರೆದೊಯ್ದು ಪಿಸುಗುಟ್ಟತೊಡಗಿದಳು. ನಡುನಡುವೆ ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ಅವ್ವ ಎದ್ದು ಬಂದು ನನ್ನ ಸೆರಗು ಸರಿ ಮಾಡಿದಳು. ಚಿಕ್ಕಮ್ಮ ಮುಂಗೂದಲು ಒತ್ತಿದಳು. ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಆ ಹೆಂಗಸು ತಮ್ಮ ಬ್ಯಾಗು ತೆರೆದು ಕನ್ನಡಕ, ಗುಳಿಗೆ, ಹಣಿಗೆ, ಮಡಚಿದ ಕರವಸ್ತ್ರ ಎಲ್ಲವನ್ನೂ ಮದುವೆಯವರು ಕೊಟ್ಟ ತಾಂಬೂಲದ ಚೀಲಕ್ಕೆ ಸುರುವಿಕೊಂಡು ಹೊರಟೇಹೋದರು! ಅತ್ತೆ ಖಾಲಿ ಬ್ಯಾಗನ್ನು ಎದೆಗವಚಿಕೊಂಡು ಬಂದಳು.

"ಒಪ್ಪಿದ್ರು!"

"ಹುಡುಗ ಏನ್ ಮಾಡ್ತಾನ?" ಅವ್ವನಿಗೆ ಉಸಿರೇ ಇರಲಿಲ್ಲ.

"ಹುಡುಗ? ಯಾವ ಹುಡುಗ?"

ಹಾಗಂತ ಆಕೆ ಮುಟ್ಟಿದ್ದೆಲ್ಲ ಚಿನ್ನವಾಗುತ್ತಿತ್ತು ಎಂದಲ್ಲ. ಹತ್ತಿಮತ್ತೂರಿನ ನಿವೃತ್ತ ಅಂಗನವಾಡಿ ಮೇಲ್ವಿಚಾರಕಿಯ ಬ್ಯಾಗು ಇದಕ್ಕೆ ಸಾಕ್ಷಿ. ಸಾಕ್ಷಿ ಹೇಳಲು ಆ ಬ್ಯಾಗು ಈಗ ಉಳಿದಿಲ್ಲ, ಅಷ್ಟೇ. ಚರ್ಮ ಒಣಗಿ ಬಿರುಕು ಬಿಟ್ಟಿತ್ತು. ಒಣಗಿದ್ದಕ್ಕೆ ಏನು ಹಚ್ಚಬೇಕು? ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಒಂದೇ: ಕುಸುಬಿ ಎಣ್ಣೆ. ಕೂಸಿನ ನೆತ್ತಿಗೆ ಅದೇ, ಮುದುಕರ ಮೊಣಕಾಲಿಗೆ ಅದೇ, ಚಟ್ನಿಪುಡಿಗೆ ಅದೇ, ಬಾಗಿಲು ಕಿರ್ ಎಂದರೂ ಅದೇ. ಅತ್ತೆ ಬಾಣಂತಿಗೆ ತಿಕ್ಕುವಂತೆ ಬ್ಯಾಗಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಇಟ್ಟಳು. ಮೊದಲ ದಿನ ಬ್ಯಾಗು ಮದುಮಗಳಂತೆ ಹೊಳೆಯಿತು. ಒಂದು ವಾರದ ಮೇಲೆ ನಾನು ಹೋದಾಗ ಅದು ಹಲಸಿನ ಮೇಣವಾಗಿತ್ತು. ಅದಕ್ಕೆ ಹನ್ನೊಂದು ನೊಣ, ಒಂದು ಹುಂಜದ ಪುಕ್ಕ, ಮಾಮನ ಧೋತರದ ಅಂಚು ಅಂಟಿಕೊಂಡಿದ್ದವು. ಧೋತರದಲ್ಲಿ ಮಾಮನೂ ಇದ್ದರು.

"ಬ್ಯಾಗಿಗೆ ಎಣ್ಣಿ ಹಚ್ಚಿದಿ, ಈಗ ನನ್ನ ಬಿಡಸು," ಎಂದರು, ಕೂತಲ್ಲಿಂದಲೇ.

ಕುಸುಬಿ ಎಣ್ಣೆ ಗಾಳಿಗೆ ಗಟ್ಟಿಯಾಗಿ ಅಂಟಾಗುವ ಜಾತಿಯದು ಎಂದು ನಾನು ಓದಿ ಹೇಳುವ ಹೊತ್ತಿಗೆ ತಡವಾಗಿತ್ತು. ಬಿಡಿಸಲು ಹೋದರೆ ಮೇಲಿನ ಪದರವೇ ಕಿತ್ತು ಬಂತು. ಬ್ಯಾಗಿನೊಡತಿ, "ಹೋಗ್ಲಿ ಬಿಡ್ರಿ, ಹೆಂಗಿದ್ರೂ ಹಳೇದು," ಎಂದು ನಕ್ಕು ಬಿಟ್ಟರು. ಅತ್ತೆ ನಗಲಿಲ್ಲ. ಒಂದು ತಿಂಗಳು ಸೂಜಿ ಮುಟ್ಟಲಿಲ್ಲ. "ನಿಂದ್ ಓದಿದ ಕೈ. ನಂದು ಸಗಣಿ ಬಡಿಯೋ ಕೈ. ಹಾಳು ಮಾಡಾಕ ಹುಟ್ಟೈತಿ," ಎಂದಳು. ಆಕೆಯ ಬಾಯಿಂದ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಆ ತಿಂಗಳ ಕೊನೆಗೆ ಹುಟ್ಟಿದ್ದೇ ಅರ್ಧದ ಪದ್ಧತಿ. ಯಾವ ಬ್ಯಾಗು ಬಂದರೂ ಮೊದಲು ಎಡ ಅರ್ಧ ಮಾತ್ರ ಮಾಡುವುದು. ತೊಳೆದು, ಹೊಲಿದು, ಬಣ್ಣ ಹಚ್ಚಿ, ಮೇಣ ತಿಕ್ಕಿ ಮಿಂಚಿಸುವುದು. ಬಲ ಅರ್ಧ ಬಂದಂತೆಯೇ, ಬೂಷ್ಟು ಹಿಡಿದುಕೊಂಡೇ ಇರಬೇಕು. ಹೀಗೆ ಮಾಡಿ ಮಂಚದ ಎದುರಿನ ಗೂಟಕ್ಕೆ ನೇತುಹಾಕುವುದು. ಹಾಳಾದರೆ ಅರ್ಧವೇ ಹಾಳಾಗುತ್ತದೆ ಎಂಬುದು ಮೊದಲ ಲೆಕ್ಕ. ಆದರೆ ಇನ್ನೊಂದು ಲಾಭ ತಾನಾಗಿಯೇ ಒದಗಿತು. "ಮುಂಜಾನೆದ್ದು ನೋಡಿದ್ನೆಪ್ಪಾ ಅಂದ್ರ ಈ ಕಡೆ ನಾನು ಮಾಡಿದ್ದು ಕಾಣತೈತಿ, ಆ ಕಡೆ ಮಾಡಬೇಕಾದ್ದು ಕಾಣತೈತಿ. ಕೈ ತಾನ ಕಡಿತಾವು," ಎಂದು ವಿವರಿಸಿದಳು. ಹುರುಪು ಕುಂದದಂತೆ ಕೆಲಸ ಮಾಡುವುದು ಹೇಗೆ ಎಂದು ಹೇಳುವ ಪುಸ್ತಕಗಳು ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟು ತುಂಬ ಇವೆ. ಯಾವುದರಲ್ಲೂ ಇಷ್ಟು ಸರಳವಾದ ಉಪಾಯ ನಾನು ಓದಿಲ್ಲ.

ತೊಂದರೆಯೆಂದರೆ ಪದ್ಧತಿ ಬ್ಯಾಗಿಗೇ ನಿಲ್ಲಲಿಲ್ಲ! ಒಂದು ಭಾನುವಾರ ಹೋದರೆ ಅರ್ಧ ತಿಕ್ಕಿದ ಹಿತ್ತಾಳೆ ಹಂಡೆ, ಅರ್ಧ ಸಾರಿಸಿದ ಅಂಗಳ. ಕೊಟ್ಟಿಗೆಯಲ್ಲಿ ಜೀವಂತ ಎಮ್ಮೆ, ಒಂದು ಮಗ್ಗುಲು ಕನ್ನಡಿಯಂತೆ, ಇನ್ನೊಂದು ಮಗ್ಗುಲು ಸಗಣಿ! ಮಾಮ ಅರ್ಧ ಲೋಟ ಚಹ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

"ಉಳಿದದ್ದು ಯಾವಾಗ ಬರತೈತಿ, ಕೇಳು ನಿಮ್ಮತ್ತಿನ್ನ."

"ಹುರುಪು ಬಂದ ಮ್ಯಾಲ!" ಒಳಗಿನಿಂದ ಉತ್ತರ ಬಂತು.

"ನಾನೂ ಅರ್ಧ ಗಡ್ಡ ಬೋಳಿಸ್ಕೊಂಡು ಸಂತಿಗೆ ಹೊಂಟೇನಿ, ನೋಡ್ತಿರು," ಎಂದರು ಮಾಮ. ಅಷ್ಟಕ್ಕೆ ಪದ್ಧತಿ ಮತ್ತೆ ಬ್ಯಾಗುಗಳಿಗೆ ಸೀಮಿತವಾಯಿತು.

ಹಿರೇಕೆರೂರಿನ ಬ್ಯಾಗು ಬಂದದ್ದು ಇದಾದ ಮೇಲೆ. ತಡಸದಲ್ಲಿ ಯಾರೋ ಅತ್ತೆಯ ಕೈಚಳಕ ಹೊಗಳಿದ್ದನ್ನು ಕೇಳಿ ಒಬ್ಬ ಸೊಸೆ ಫೋನ್ ಮಾಡಿದ್ದಳು. ಆಕೆಯ ಅತ್ತೆ ನಿವೃತ್ತ ಶಿಕ್ಷಕಿ, ಎಂಬತ್ತರ ಸಮೀಪ. ಎರಡು ವರ್ಷದಿಂದ ನೆನಪು ಕೈಕೊಡುತ್ತಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಸೀರೆ ಉಟ್ಟು ಕಟ್ಟೆಗೆ ಬರುತ್ತಾರೆ. "ನನ್ನ ಬ್ಯಾಗ ಎಲ್ಲೈತಿ? ಬ್ಯಾಗ ಇಲ್ದ ಸಾಲಿಗೆ ಹೆಂಗ ಹೋಗ್ಲಿ?" ಎನ್ನುತ್ತಾರೆ. ಬ್ಯಾಗು ಸಿಗುವವರೆಗೆ ಒಂದು ತುತ್ತೂ ಮುಟ್ಟುವುದಿಲ್ಲ. ಹೊಸ ಬ್ಯಾಗು ತಂದುಕೊಟ್ಟರೆ ದೂಡುತ್ತಾರೆ. ಸಂಜೆ ಮರೆವಾದಾಗ ಒಂದಿಷ್ಟು ಅನ್ನ, ಅಷ್ಟೇ. "ಕಡ್ಡಿ ಆಗ್ಯಾರ್ರಿ. ಹಳೇ ಟ್ರಂಕಿನ್ಯಾಗ ಬ್ಯಾಗ ಸಿಕ್ಕೈತಿ, ಆದ್ರ ಅದನ್ನ ಬ್ಯಾಗ ಅನ್ನಾಕ ಬರಂಗಿಲ್ಲ," ಎಂದು ಆ ಸೊಸೆ ಅತ್ತಳು.

ಬಸ್ಸಿನಲ್ಲಿ ಕಳಿಸಿದ ಗಂಟನ್ನು ಬಿಚ್ಚಿದಾಗ ನಾನಿದ್ದೆ. ಇಲಿ ಒಂದು ಮೂಲೆ ತಿಂದಿತ್ತು. ಹಿಡಿಕೆ ಇರಲಿಲ್ಲ. ಹಸಿರು ಬೂಷ್ಟು ಮೈತುಂಬ. ಅತ್ತೆ ಅದನ್ನು ತಿರುಗಿಸಿ, ಒಳಜೇಬಿನ ಮಸಿಯ ಕಲೆಯ ಮೇಲೆ ಬೆರಳಿಟ್ಟು ಸುಮ್ಮನಾದಳು. ಅತ್ತೆ ಸುಮ್ಮನಾದಳು! ನಾನು ಮಾಮನ ಮುಖ ನೋಡಿದೆ, ಮಾಮ ನನ್ನ ಮುಖ ನೋಡಿದರು.

"ಇದು ನಮ್ಮ ಅಕ್ಕೋರ ಬ್ಯಾಗ," ಎಂದಳು ಕೊನೆಗೆ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅಜ್ಜನ ಊರು ಹಿರೇಕೆರೂರಿನ ಪಕ್ಕದಲ್ಲೇ. ಅತ್ತೆ ಏಳನೆಯ ಇಯತ್ತೆಯವರೆಗೆ, ಅಂದರೆ ಏಳನೆಯ ತರಗತಿಯವರೆಗೆ, ಈ ಅಕ್ಕೋರ ಕೈಯಲ್ಲೇ ಕಲಿತಿದ್ದಳು.

ಆಮೇಲಿನ ಹದಿನೆಂಟು ದಿನದಲ್ಲಿ ಹೋದಾಗಲೆಲ್ಲ ನಾನು ಕಂಡದ್ದು ಬೇರೆಯೇ ಅತ್ತೆಯನ್ನು. ಫೋಟೊ ತೆಗೆಯೆನ್ನಲಿಲ್ಲ. ಸ್ಟೇಟಸ್‌ಗೆ ಹಾಕೆನ್ನಲಿಲ್ಲ. ಬೇವಿನ ಹೊಗೆ ಕೊಟ್ಟು ಬೂಷ್ಟು ತೆಗೆದಳು. ಅಂಟಲಕಾಯಿ ನೊರೆಯಲ್ಲಿ ಅದ್ದಿದ ಬಟ್ಟೆಯಿಂದ ಕೂಸಿನ ಮುಖ ಒರೆಸುವಂತೆ ಒರೆಸಿದಳು. ಗುರುಗಳನ್ನು ಮನೆಗೇ ಕರೆದು, ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡಿಸಿ, ಇಲಿ ತಿಂದ ಮೂಲೆಗೆ ತೇಪೆ ಹೇಗೆ ಕೂಡಿಸುವುದೆಂದು ಕೇಳಿದಳು. ಅರ್ಧದ ಪದ್ಧತಿಯನ್ನೂ ಬಿಟ್ಟಳು.

"ಯಾಕತ್ತಿ, ಎಡಾ ಬಲಾ ಇಲ್ಲೇನು?"

"ಅಲ್ಲಿ ಹಸದು ಕುಂತಾರ. ಇಲ್ಲಿ ನಾ ಗ್ವಾಡಿಗೆ ಹಾಕ್ಕೊಂಡು ನೋಡ್ಕೊಂತ ಕುಂಡ್ರಲೇನು?" ಎಂದು ಗದರಿದಳು. ಮರುಕ್ಷಣ ದನಿ ತಗ್ಗಿಸಿ, "ಹಾಳು ಮಾಡೇನಂತ ಅಂಜಿಕಿ ಆಗೇತಿ ನೋಡು," ಎಂದಳು.

ಹಾಳು ಮಾಡಲಿಲ್ಲ. ಹತ್ತೊಂಬತ್ತನೆಯ ದಿನ ಬ್ಯಾಗು ಹೇಗಿತ್ತೆಂದರೆ, ಮಾಮ ಕೈ ತೊಳೆದುಕೊಂಡು ಬಂದು ಮುಟ್ಟಿದರು! ತೇಪೆ ಎಲ್ಲಿದೆಯೆಂದು ನನಗೆ ಹುಡುಕಲಾಗಲಿಲ್ಲ. ನಾನು ಹುಡುಕುವುದರಲ್ಲೇ ಸಂಬಳ ಪಡೆಯುವವಳು.

ಮರುದಿನ ಬೆಳಿಗ್ಗೆ ಹಿರೇಕೆರೂರಿನ ಬಸ್ಸು ಹಿಡಿದೆವು. ಹೊಸ ಟವೆಲಿನಲ್ಲಿ ಸುತ್ತಿದ ಬ್ಯಾಗನ್ನು ಅತ್ತೆ ತೋಳ ಮೇಲೆ ಮಲಗಿಸಿಕೊಂಡಿದ್ದಳು. ತುಂಬಿದ ಬಸ್ಸಿನಲ್ಲಿ ಒಬ್ಬರು ತಟ್ಟನೆ ಎದ್ದು ಜಾಗ ಬಿಟ್ಟರು. ಪಕ್ಕದ ಹೆಂಗಸು ಟವೆಲಿನತ್ತ ಬಾಗಿ ದನಿ ಮೆತ್ತಗೆ ಮಾಡಿ, "ಮಮ್ಮಗಳೇನ್ರಿ, ಮಮ್ಮಗನೇನ್ರಿ?" ಎಂದು ಕೇಳಿದಳು.

"ಎಮ್ಮಿ ರೀ," ಎಂದಳು ಅತ್ತೆ.

ಆ ಹೆಂಗಸು ಮುಂದಿನ ನಿಲ್ದಾಣದಲ್ಲೇ ಇಳಿದಳು. ಅದು ಆಕೆಯ ಊರಾಗಿತ್ತೋ ಇಲ್ಲವೋ ನನಗೆ ತಿಳಿಯದು.

ಅಕ್ಕೋರು ಕಟ್ಟೆಯ ಮೇಲೆ ಸಿದ್ಧರಾಗಿ ಕೂತಿದ್ದರು. ಗಂಜಿ ಹಾಕಿದ ಬಿಳಿ ಸೀರೆ, ಕೈಗಡಿಯಾರ, ಕಾಲಲ್ಲಿ ಚಪ್ಪಲಿ. ಪಕ್ಕದಲ್ಲಿ ಮುಚ್ಚಿಟ್ಟ ತಾಟು, ಮುಟ್ಟಿರಲಿಲ್ಲ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅತ್ತೆ ನಮಸ್ಕಾರ ಮಾಡಿ, ಟವೆಲು ಬಿಚ್ಚಿ, ಬ್ಯಾಗನ್ನು ಅವರ ತೊಡೆಯ ಮೇಲಿಟ್ಟಳು.

ಅವರು ಅದನ್ನು ನಿಧಾನವಾಗಿ ತಿರುಗಿಸಿದರು. ಕೊಂಡಿ ತೆರೆದರು, ಮುಚ್ಚಿದರು. ತಲೆಯಾಡಿಸಿ ಹಿಂದಕ್ಕೆ ಕೊಟ್ಟರು.

"ಇದು ನಂದಲ್ಲ. ನಂದು ಹಳೇದು."

ಹದಿನೆಂಟು ದಿನ! ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗಿನ ಮಸಿಯ ಕಲೆ ತೋರಿಸಿದರಾಯಿತಲ್ಲ ಎಂದು ನಾನು ಮುಂದೆ ಬಂದೆ. ಅತ್ತೆ ನನ್ನ ಕೈ ಹಿಡಿದು ತಡೆದಳು. ಆಕೆಯ ಕಣ್ಣು ತುಂಬಿ ಬಂದಿತ್ತು. ಏನು ಮಾಡಬೇಕೆಂದು ತೋಚದೆ, ಮರಳಿ ಬಂದ ಬ್ಯಾಗನ್ನು ಎಲ್ಲಿಡಬೇಕೆಂದೂ ತಿಳಿಯದೆ, ಅದನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ಇಷ್ಟು ಬ್ಯಾಗುಗಳ ನಡುವೆ ಅತ್ತೆಯ ಹೆಗಲ ಮೇಲೆ ಒಂದನ್ನೂ ನಾನು ಅದುವರೆಗೆ ಕಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಅಕ್ಕೋರು ತಲೆಯೆತ್ತಿ ಆಕೆಯನ್ನೇ ದಿಟ್ಟಿಸಿದರು.

"ಯಾರ ಮಗಳವಾ ನೀ?"

"ಗೌಡ್ರ ಮನಿ ಹಿರೇ ಮಗಳ್ರಿ. ಏಳನೇ ಇಯತ್ತೆ ಆದಮ್ಯಾಲ ಸಾಲಿ ಬಿಡಿಸಿದ್ರಲ್ರಿ, ಆಕಿ."

"ನಿಮ್ಮಪ್ಪಗ ಹೇಳಾಕ ಬಂದಿದ್ದೆ. ಮೂರು ಸಲ ಬಂದಿದ್ದೆ."

"ಹೌದ್ರಿ. ನಾ ಬಾಗಲ ಹಿಂದ ನಿಂತಿದ್ದೆ."

ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎಂದೂ ಆಡಿದ್ದಿಲ್ಲ. ಅಕ್ಕೋರು ಹೆಗಲ ಬ್ಯಾಗನ್ನು ನೋಡಿದರು, ಅತ್ತೆಯ ಮುಖ ನೋಡಿದರು. ಅವರ ಮುಖ ಅರಳಿತು.

"ಬ್ಯಾಗ ಹಾಕ್ಕೊಂಡೀಯಲ್ಲ! ನೌಕರಿ ಸಿಕ್ತೇನು?"

ಅತ್ತೆ ಒಂದು ಕ್ಷಣ ನನ್ನ ಕಡೆ ನೋಡಿದಳು.

"ಸಿಕ್ತ್ರಿ, ಅಕ್ಕೋರ."

"ಯಾವೂರಾಗ?"

"ಹಾನಗಲ್ಲಾಗ್ರಿ."

"ನಾ ಹೇಳಿದ್ದಿಲ್ಲೇನ್ ನಿಮ್ಮಪ್ಪಗ? ಈ ಹುಡುಗಿ ಕೈ ಚಲೋ ಐತಿ ಅಂತ ಹೇಳಿದ್ದಿಲ್ಲೇನು?" ಅವರು ಸೊಸೆಯ ಕಡೆ ತಿರುಗಿದರು. "ನಿಂತು ಏನ್ ನೋಡ್ತಿ? ನಮ್ಮಿಬ್ರಿಗೂ ರೊಟ್ಟಿ ಹಾಕು. ಈಕಿಗೆ ಸಾಲಿಗೆ ಹೊತ್ತಾಕ್ಕೈತಿ."

ಅಕ್ಕೋರು ಎರಡು ರೊಟ್ಟಿ ತಿಂದರು. ಎದುರಿಗೆ ಕೂತು ಅತ್ತೆಯೂ ತಿಂದಳು, ಬ್ಯಾಗನ್ನು ಹೆಗಲಿಂದ ಇಳಿಸದೆ. ಸೊಸೆ ಬಡಿಸುತ್ತ, "ಅದು ನಿಮ್ಮತ್ರನ ಇರ್ಲಿ," ಎಂದು ಮೆಲ್ಲಗೆ ಹೇಳಿದಳು. ಕೈ ತೊಳೆಯುತ್ತಿದ್ದಂತೆ ಅಕ್ಕೋರು ಗಡಿಯಾರ ನೋಡಿ ಅವಸರಿಸಿದರು: "ನಡಿ, ನಡಿ. ಮೊದಲನೇ ದಿನಾನ ತಡಾ ಮಾಡಬ್ಯಾಡ."

"ಬರ್ತೇನ್ರಿ," ಎಂದು ಅತ್ತೆ ಕಟ್ಟೆಯಿಳಿದಳು. ಅವರು ನೋಡುತ್ತಿದ್ದುದರಿಂದ, ಬ್ಯಾಗನ್ನು ಮೊಣಕೈಯಿಂದ ಒತ್ತಿ ಹಿಡಿದು, ಕೆಲಸಕ್ಕೆ ಹೊತ್ತಾದವರಂತೆ ಬಿರಬಿರನೆ ಓಣಿಯುದ್ದಕ್ಕೂ ನಡೆದಳು. ನಾನು ಹಿಂದೆ ಓಡಿದೆ. ತಿರುವು ದಾಟಿದೆವು. ಈಗ ಕಟ್ಟೆಯಿಂದ ನಾವು ಕಾಣುತ್ತಿರಲಿಲ್ಲ. ಅತ್ತೆ ನಡಿಗೆ ನಿಧಾನ ಮಾಡಲಿಲ್ಲ.